ಯಾವ ಮಿಷನ್ನಿನಲ್ಲಿ ಯಾವ ಚೆಸ್ಸು

ನನ್ನ ಮೊಮ್ಮಗಳು ಚಂದನಳಿಗೆ ನಾಗಮಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಬೀದಿಯ ಎರಡೂ ಬದಿಗೆ ಕಜ್ಜಾಯ ಹಂಚಿದೆ. ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಯಾರದೋ ಮನೆ ಕೇಳಿಕೊಂಡು ಬಂದ ದಾರಿಹೋಕರನ್ನೂ ನಿಲ್ಲಿಸಿ ಹೇಳಿ ಕಳಿಸಿದೆ. ಅವರಿಗೆ ಬೇಕಾದ ಮನೆ ಯಾವುದು ಅಂತ ತೋರಿಸಿದೆನೋ ಇಲ್ಲವೋ ನೆನಪಿಲ್ಲ.

ಕೆಲಸಕ್ಕೆ ಸೇರಿದ ನಾಲ್ಕನೇ ದಿನ ಹುಡುಗಿ ಫೋನು ಮಾಡಿದಳು. "ಅಜ್ಜಿ, ಇಲ್ಲಿ ಇಪ್ಪತ್ತು ಮಿಷನ್ ಅವೆ. ಎಲ್ಲಾದ್ರಲ್ಲೂ ಒಂದೇ ಪ್ರೋಗ್ರಾಮು ಅಂತಾರೆ, ಒಂದೊಂದ್ರಲ್ಲಿ ಒಂದೊಂದು ವರ್ಶನ್ನು. ಯಾವ್ದು ಎಲ್ಲೈತೆ ಅಂದ್ರೆ ಎಲ್ರೂ ಮೊಕಮೊಕ ನೋಡ್ತಾರೆ!"

ನನಗೆ ತಡೆಯಲಾರದಷ್ಟು ನಗು ಬಂತು. "ನಗ್ತೀಯಲ್ಲಾ ಅಜ್ಜಿ, ನಂಗಿಲ್ಲಿ ಅಳು ಬತ್ತಾ ಐತೆ" ಅಂದಳು. ನಾನೂ ಹಾಗೇ ಅತ್ತವಳು ಕಣಮ್ಮಾ, ಒಂದು ದಿನ ಎರಡು ದಿನವಲ್ಲ, ವರ್ಷಗಟ್ಟಲೆ ಅಂದೆ. ಹಾಗಾದರೆ ಬರಿ, ಹೊಸದಾಗಿ ಸೇರಿದ ನಾವೆಲ್ಲ ಓದುತ್ತೇವೆ ಅಂದಳು. ಅದಕ್ಕೇ ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದ ಕಡೆ ನೀವೇ ತಿದ್ದಿಕೊಳ್ಳಿ.

ತೊಂಬತ್ತರ ದಶಕದಲ್ಲಿ ನಾನು ಒಂದು ಕಂಪ್ಯೂಟರ್ ಕಲಿಸುವ ಸೆಂಟರಿನಲ್ಲಿ ಆಯಾ ಆಗಿದ್ದೆ. ಶ್ರೀರಂಗಪಟ್ಟಣದಲ್ಲಿ ದೊಡ್ಡ ಆಫೀಸು, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಒಂದೊಂದು ಕೊಠಡಿ. ಗುಡಿಸುವುದು, ಬಂದವರ ಚಪ್ಪಲಿ ಹೊರಗೆ ಬಿಡಿಸುವುದು, ಸಂಜೆ ಮಿಷನ್ನುಗಳಿಗೆ ಮುಸುಕು ಹಾಕುವುದು. ಆಗ ಕಂಪ್ಯೂಟರಿಗೆ ಹಸುಗೂಸಿಗಿಂತ ಹೆಚ್ಚು ಉಪಚಾರ. ಜತೆಗೆ ಇನ್ನೊಂದು ಕೆಲಸ ನನ್ನ ಕೊರಳಿಗೆ ಬಿತ್ತು. ಶ್ರೀರಂಗಪಟ್ಟಣದಲ್ಲಿ ಹೊಸ ಪ್ರೋಗ್ರಾಮು ಬಂದರೆ ಅದನ್ನು ಫ್ಲಾಪಿಗೆ ತುಂಬಿ ಕೊಡುತ್ತಿದ್ದರು. ಫ್ಲಾಪಿ ಅಂದರೆ ಹಪ್ಪಳದ ಹಾಗೆ ತೆಳ್ಳಗಿದ್ದ ಚೌಕದ ತಟ್ಟೆ. ಅದನ್ನು ಬಸ್ಸಿನಲ್ಲಿ ಹೊತ್ತು ಮೂರೂ ಊರಿಗೆ ಮುಟ್ಟಿಸಿ ಬರಬೇಕು. ಮೇಷ್ಟ್ರುಗಳನ್ನು ಕಳಿಸಿದರೆ ಪಾಠ ನಿಲ್ಲುತ್ತದೆ, ಜವರಮ್ಮನನ್ನು, ಅಂದರೆ ನನ್ನನ್ನು, ಕಳಿಸಿದರೆ ಕಸ ತಾನೆ ನಿಲ್ಲುವುದು.

ಮೊದಲನೇ ಸಲವೇ ಎಡವಟ್ಟು ಮಾಡಿದೆ. ಬಸ್ಸಿನಲ್ಲಿ ಜಾಗವಿಲ್ಲದೆ ಡ್ರೈವರಿನ ಪಕ್ಕ ಇಂಜಿನ್ನಿನ ಬಾನೆಟ್ ಮೇಲೆ ಕೂತೆ, ಫ್ಲಾಪಿ ತುಂಬಿದ ಡಬ್ಬಿಯನ್ನು ಜೋಪಾನವಾಗಿ ಪಕ್ಕದಲ್ಲೇ ಇಟ್ಟುಕೊಂಡೆ. ಕೆ.ಆರ್. ಪೇಟೆಗೆ ಬಂದು ತೆಗೆದರೆ ಹತ್ತಕ್ಕೆ ಹತ್ತೂ ಸೊಟ್ಟಗಾಗಿವೆ. ಹಪ್ಪಳ ಅಂದೆನಲ್ಲ, ಕಾದ ಹಂಚಿನ ಮೇಲೆ ಇಟ್ಟ ಹಪ್ಪಳ. ಅಲ್ಲಿಂದಾಚೆಗೆ ಎಣ್ಣೆಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೇ ಓಡಾಡಿದೆ. ದಾರಿಯಲ್ಲಿ ಚಿನಕುರಳಿ ಬಂದರೆ ಸಾಕು, ಕಲ್ಲು ಕ್ವಾರಿಯ ಧೂಳಿಗೆ ಹೆದರಿ ಪಕ್ಕದವರ ಕಿಟಕಿಯನ್ನೂ ನಾನೇ ಎಳೆದು ಮುಚ್ಚುತ್ತಿದ್ದೆ. "ಅದೇನಕ್ಕ ಮಡ್ಲಲ್ಲಿ, ಚಿನ್ನವಾ?" ಅಂತ ಕೇಳುತ್ತಿದ್ದರು. "ಚೆಸ್ಸು ಕಣಪ್ಪ" ಅಂದರೆ ಇವಳಿಗೆ ತಲೆ ಕೆಟ್ಟಿದೆ ಅಂತ ಸರಿದು ಕೂರುತ್ತಿದ್ದರು.

ಹೌದು, ಚೆಸ್ಸು. ಚದುರಂಗ. ನಮ್ಮ ಸಾಹೇಬರು, ಅಂದರೆ ಸೆಂಟರಿನ ಮಾಲೀಕರು, ಒಳ್ಳೆಯವರೇ, ಆದರೆ ದಿನಕ್ಕೊಂದು ಉಪಾಯ. ಕಂಪ್ಯೂಟರು ಅಂದರೆ ಜನ ಹೆದರುತ್ತಾರೆ, ಅದು ಚದುರಂಗ ಆಡುವುದನ್ನು ತೋರಿಸಿದರೆ ತಾವಾಗಿ ಒಳಗೆ ಬರುತ್ತಾರೆ ಅಂತ ಅವರ ಲೆಕ್ಕ. ನಾಲ್ಕೂ ಊರಲ್ಲಿ ಕಿಟಕಿಯ ಹತ್ತಿರ ಒಂದು ಮಿಷನ್ನಿಗೆ ಚೆಸ್ ಪ್ರೋಗ್ರಾಮು ಹಾಕಿಸಿದರು. ಜನ ಬಂದರೋ ಬಂದರು! ಬೀದಿಯಲ್ಲೇ ನಿಂತು ಸರಳಿನ ಸಂದಿಯಿಂದ ಕೂಗಿ ಆಡಿಸುತ್ತಿದ್ದರು.

ನನ್ನ ಎರಡನೇ ಎಡವಟ್ಟು ಇಲ್ಲೇ ಆದದ್ದು. ದೇವಲಾಪುರದಲ್ಲಿ ನಮ್ಮಪ್ಪ ಜಗುಲಿಯ ಮೇಲೆ ಚದುರಂಗ ಆಡುತ್ತಿದ್ದ, ನನಗೂ ಕಲಿಸಿದ್ದ. ನಮ್ಮ ಆಟದಲ್ಲಿ ಸಿಪಾಯಿ ಒಂದೊಂದೇ ಮನೆ ನಡೆಯುತ್ತಾನೆ. ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಪಾಂಡವಪುರದಲ್ಲಿ ಧೂಳು ಒರೆಸುತ್ತಾ ನೋಡುತ್ತೇನೆ, ಸಿಪಾಯಿ ಎರಡು ಮನೆ ನುಗ್ಗಿದ. ಆಮೇಲೆ ರಾಜ ಅಡ್ಡಡ್ಡ ಎರಡು ಮನೆ ಸರಿದ, ಆನೆ ಅವನನ್ನು ದಾಟಿಕೊಂಡು ಆ ಕಡೆ ಬಂದು ಕೂತಿತು! ಮಿಷನ್ನು ಕೆಟ್ಟಿದೆ ಅಂತ ಶ್ರೀರಂಗಪಟ್ಟಣಕ್ಕೆ ಫೋನು ಮಾಡಿಸಿದೆ. ರಿಪೇರಿಯವರು ಬಂದು ಅದರ ಹೊಟ್ಟೆ ಬಿಚ್ಚಿ, ಅರ್ಧ ದಿನ ಪಾಠ ನಿಂತು, ಕೊನೆಗೆ ಗೊತ್ತಾಯಿತು, ದೇಶದೇಶಗಳಲ್ಲಿ ಆಡುವ ಚೆಸ್ಸಿನಲ್ಲಿ ಅದೇ ಕಾನೂನಂತೆ. ಸಾಹೇಬರು ನನ್ನನ್ನು ಕರೆದು, "ಜವರಮ್ಮ, ಇನ್ನು ಮೇಲೆ ನೀನು ಬರೀ ಧೂಳು ಒರೆಸು. ಕಾಯಿ ನೋಡಬೇಡ" ಅಂದರು. ಆದರೂ ನೋಡಿದೆ. ನೋಡಿ ನೋಡಿ ಅದರ ಕಾನೂನನ್ನೂ ಕಲಿತೆ.

ಈಗ ವರ್ಶನ್ನಿನ ಗೋಳು ಕೇಳಿ. ಒಂದೇ ಪ್ರೋಗ್ರಾಮನ್ನು ಮಾಡಿದವರು ಆಗಾಗ ತಿದ್ದಿ ಮತ್ತೆ ಬಿಡುತ್ತಾರೆ. ಮೊದಲನೆಯದು ಒಂದು, ತಿದ್ದಿದ್ದು ಎರಡು, ಆಮೇಲಿನದು ಮೂರು. ಒಂದನೆಯದು ದಡ್ಡ, ಸುಲಭವಾಗಿ ಸೋಲುತ್ತಿತ್ತು. ಎರಡನೆಯದು ಗಟ್ಟಿ. ಪ್ರೋಗ್ರಾಮು ತೆರೆದ ಕೂಡಲೇ ಮೊದಲ ಪುಟದಲ್ಲಿ ಆ ನಂಬರು ಕಾಣುತ್ತಿತ್ತಂತೆ. ನಮ್ಮ ಸಾಹೇಬರು ಅದನ್ನು ತೆಗೆಸಿ ಅಲ್ಲಿ ಸೆಂಟರಿನ ಹೆಸರು, ಎರಡು ಬದಿಗೆ ಎರಡು ದೀಪ ಹಾಕಿಸಿದರು. ದೀಪ ಬಂತು, ಬೆಳಕು ಹೋಯಿತು. ಫೈಲಿನ ತಾರೀಖು ನೋಡೋಣ ಅಂದರೆ ಮಿಷನ್ನುಗಳ ಗಡಿಯಾರದ ಬ್ಯಾಟರಿ ಸತ್ತು, ಎಲ್ಲದರ ಮೇಲೂ ಎಂಬತ್ತನೇ ಇಸವಿ ಜನವರಿ ಒಂದು. ಕೆಲವು ಸಲ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಫ್ಲಾಪಿಯ ಮೇಲೆ ಚೀಟಿ ಅಂಟಿಸಿ ಅಂದೆ. ಅಂಟಿಸಿದರು. ನಾಲ್ಕೂ ಊರಿನವರೂ ಬರೆದದ್ದು "ಹೊಸದು" ಅಂತ. ವರ್ಷ ಕಳೆದರೂ ಅದು ಹೊಸದೇ. ಮೂರು ಮಕ್ಕಳ ತಾಯಿಯಾದ ಮೇಲೂ ಹೊಸ ಸೊಸೆ ಅಂತಲೇ ಕರೆಯುವ ಮನೆಗಳಿವೆಯಲ್ಲ, ಹಾಗೆ. ಕೆ.ಆರ್. ಪೇಟೆಯ ನಾಗೇಶ ಮೇಷ್ಟ್ರನ್ನು ಕೇಳಿದರೆ, "ಹಾಕಿದೀನಲ್ಲ ಜವರಮ್ಮ" ಅನ್ನುವರು. ಯಾವುದನ್ನು ಅಂದರೆ, "ನೀನು ತಂದಿದ್ದನ್ನೇ." ನಾನು ತಂದದ್ದು ಎರಡು ತರದವು ಸಾರ್ ಅಂದರೆ, "ಅವೆರಡರಲ್ಲಿ ಒಂದು ಹಾಕಿದೀನಿ ಬಿಡು." ಇಂಥ ಉತ್ತರ ಕೇಳಿಕೊಂಡು ಮತ್ತೆ ಶ್ರೀರಂಗಪಟ್ಟಣದ ಬಸ್ಸು ಹತ್ತಬೇಕಾಗಿತ್ತು ನಾನು.

ನನ್ನ ದಾರಿ ನಾನೇ ಹುಡುಕಿಕೊಂಡೆ. ಹೊಸಬರು ಇದನ್ನು ಮನಸ್ಸಿನಲ್ಲಿಡಿ, ಮಿಷನ್ನಿನ ಮುಖ ನೋಡಬೇಡಿ, ನಡತೆ ನೋಡಿ. ಆ ಪ್ರೋಗ್ರಾಮಿನಲ್ಲಿ ಎರಡೂ ಕಡೆಯ ಕಾಯಿಗಳನ್ನು ನಾವೇ ನಡೆಸುವ ಅನುಕೂಲವಿತ್ತು. ಬಿಳಿಯ ಅಂಚಿನ ಸಿಪಾಯಿಯನ್ನು ಎರಡು ಮನೆ, ಆಮೇಲೆ ಒಂದೊಂದು ಮನೆ ಹತ್ತಿಸಿ, ಓರೆಯಲ್ಲಿರುವ ಕರಿಯ ಸಿಪಾಯಿಯನ್ನು ಹೊಡೆದು, ಮೂಲೆಯ ಆನೆಯನ್ನು ಹೊಡೆದರೆ ಐದನೇ ನಡೆಗೆ ಕೊನೆಯ ಸಾಲು ಮುಟ್ಟುತ್ತಾನೆ. ಕರಿಯ ಕಾಯಿಗಳನ್ನು ಬೇರೆ ಮೂಲೆಯಲ್ಲಿ ಸುಮ್ಮನೆ ಆಡಿಸುತ್ತಿದ್ದರಾಯಿತು. ಕೊನೆ ಮುಟ್ಟಿದ ಸಿಪಾಯಿ ಬಡ್ತಿ ಪಡೆಯುತ್ತಾನೆ. ಒಂದನೇ ವರ್ಶನ್ನಾದರೆ ಯಾರನ್ನೂ ಕೇಳದೆ ತಾನೇ ಅವನನ್ನು ಮಂತ್ರಿ ಮಾಡಿಬಿಡುತ್ತಿತ್ತು. ಎರಡನೆಯದಾದರೆ ನೀಲಿ ಪೆಟ್ಟಿಗೆಯೊಂದು ಬಂದು, ನಾಲ್ಕು ಸಾಲಿನಲ್ಲಿ ಹೆಸರು ತೋರಿಸಿ, ಮಂತ್ರಿಯೋ ಆನೆಯೋ ಒಂಟೆಯೋ ಕುದುರೆಯೋ ಅಂತ ಕೇಳುತ್ತಿತ್ತು. ಮೂರನೆಯದು ಹೆಸರಿನ ಬದಲು ಚಿತ್ರ ತೋರಿಸುತ್ತಿತ್ತು. ಇಂಗ್ಲಿಷು ಬೇಡ, ಏನೂ ಬೇಡ. ಪೊರಕೆ ಗೋಡೆಗೆ ಒರಗಿಸಿ ಐದು ನಡೆ ಆಡಿದರೆ ಮುಗಿಯಿತು. ಇದನ್ನು ಸಾಹೇಬರಿಗೆ ಹೇಳಲು ಹೋದೆ. "ಧೂಳು ಒರೆಸು ಅಂದಿದ್ದೆನಲ್ಲಾ ಜವರಮ್ಮ" ಅಂದರು. ಮತ್ತೆ ಪೊರಕೆ ಹಿಡಿದೆ.

ಇಷ್ಟರಲ್ಲಿ ಅವರ ಹೊಸ ಉಪಾಯ ಕರಪತ್ರವಾಗಿ ಬೀದಿಗೆ ಬಂತು. ನಮ್ಮ ಕಂಪ್ಯೂಟರಿನ ಎರಡನೇ ವರ್ಶನ್ ಚೆಸ್ಸನ್ನು ಸೋಲಿಸಿದವರಿಗೆ ಆರು ತಿಂಗಳ ಕೋರ್ಸು ಪೂರ್ತಿ ಉಚಿತ! ಒಂದನೆಯದನ್ನು ಪಾಂಡವಪುರದಲ್ಲಿ ಯಾರು ಬೇಕಾದರೂ ಸೋಲಿಸುತ್ತಿದ್ದರು, ಅದಕ್ಕೇ ಎರಡನೆಯದು ಅಂತ ಒತ್ತಿ ಅಚ್ಚು ಹಾಕಿಸಿದ್ದು. ತಿಂಗಳು ಕಳೆದರೂ ಯಾರೂ ಗೆಲ್ಲಲಿಲ್ಲ. ಸಾಹೇಬರು ನಗುನಗುತ್ತಾ ಓಡಾಡುತ್ತಿದ್ದರು.

ಆಮೇಲೆ ಕಿಕ್ಕೇರಿಯ ಹುಡುಗಿ ಮಂಜುಳ ಗೆದ್ದಳು.

ಪಿಯುಸಿ ಮುಗಿಸಿದ್ದ ಹುಡುಗಿ. ತಾತನ ಹತ್ತಿರ ಚದುರಂಗ ಕಲಿತವಳು. ಕೆ.ಆರ್. ಪೇಟೆಯ ಕಿಟಕಿ ಮಿಷನ್ನಿನ ಮುಂದೆ ಕೂತು, ಬೆಳಗಿನ ಬಸ್ಸಿಗೆ ಬಂದವಳು ಮಧ್ಯಾಹ್ನದ ಊಟದ ಹೊತ್ತಿಗೆ ರಾಜನನ್ನು ಕಟ್ಟಿಹಾಕಿದಳಂತೆ. ನಾನು ಆ ದಿನ ನಾಗಮಂಗಲದಲ್ಲಿದ್ದೆ. ಸುದ್ದಿ ಶ್ರೀರಂಗಪಟ್ಟಣಕ್ಕೆ ಬಂದಾಗ ಸಾಹೇಬರ ನಗು ನಿಂತಿತು. "ಸಾಧ್ಯವೇ ಇಲ್ಲ. ಅಲ್ಲಿ ಒಂದನೇ ವರ್ಶನ್ನೇ ಉಳಿದಿರಬೇಕು. ನಾಗೇಶ ಯಾವತ್ತು ಸರಿಯಾಗಿ ಹಾಕಿದ್ದ?" ಅಂದರು.

"ಎರಡನೇದು ಕೊಟ್ಟು ಬಂದಿದ್ದೆ ಸಾರ್" ಅಂದೆ.

"ನೀನು ಕೊಟ್ಟಿದ್ದು ಸರಿ ಜವರಮ್ಮ. ಅವನು ಹಾಕಿದ ಅಂತ ಏನು ಗ್ಯಾರಂಟಿ?"

ಸೋಮವಾರ ಹೊಸ ಬ್ಯಾಚು ಶುರು. ಉಚಿತ ಸೀಟು ಇಲ್ಲ ಅಂತ ಆ ಹುಡುಗಿಗೆ ಹೇಳಿ ಬಾ ಅಂತ ಗುರುವಾರ ನನ್ನನ್ನೇ ಕಳಿಸಿದರು. ಕೆಟ್ಟ ಸುದ್ದಿ ಹೊರುವುದಕ್ಕೂ ಜವರಮ್ಮನೇ!

ಕೆ.ಆರ್. ಪೇಟೆಗೆ ಹೋದವಳು ಮೊದಲು ಮಾಡಿದ ಕೆಲಸ ಐದು ನಡೆ. ನೀಲಿ ಪೆಟ್ಟಿಗೆ ಬಂತು. ಎರಡನೇ ವರ್ಶನ್ನೇ! ಹಿಗ್ಗಿ ತಿರುಗಿದರೆ ನಾಗೇಶ ಮೇಷ್ಟ್ರು ಪೆಚ್ಚಾಗಿ ನಿಂತಿದ್ದಾರೆ.

"ಅದನ್ನ ನಿನ್ನೆ ಹಾಕಿದ್ದು ಜವರಮ್ಮ. ಸಾಹೇಬ್ರು ಬೈತಾರೆ ಅಂತ, ಯಾವುದಕ್ಕೂ ಇರಲಿ ಅಂತ ಇನ್ನೊಂದು ಸಲ ಹಾಕಿಬಿಟ್ಟೆ."

"ಅದಕ್ಕೆ ಮುಂಚೆ ಯಾವುದಿತ್ತು ಸಾರ್?"

"ಅದೇ ನೆನಪಾಗ್ತಿಲ್ಲ."

ಸಾಕ್ಷಿ ಇದ್ದ ಒಂದೇ ಜಾಗವನ್ನೂ ಸಗಣಿ ಹಾಕಿ ಸಾರಿಸಿಬಿಟ್ಟಿದ್ದರು ಪುಣ್ಯಾತ್ಮರು. ಮೇಷ್ಟ್ರಲ್ಲದಿದ್ದರೆ ಏನಂದಿರುತ್ತಿದ್ದೆನೋ, ಮೇಷ್ಟ್ರಾದ್ದರಿಂದ ನೀರು ಕುಡಿದು ಬಾಗಿಲಿಗೆ ಬಂದೆ.

ಬಾಗಿಲಲ್ಲಿ ಮಂಜುಳ ಅಪ್ಪನ ಜತೆ ನಿಂತಿದ್ದಾಳೆ. ಫಾರಂ ತುಂಬಲು ಬಂದಿದ್ದಾರೆ. ನನ್ನ ಮುಖ ನೋಡಿಯೇ ಅಪ್ಪನಿಗೆ ಅರ್ಥವಾಯಿತು. ವಿಷಯ ಹೇಳಿದ ಮೇಲೆ ಹೆಗಲ ಮೇಲಿನ ಟವೆಲ್ ಕೊಡವಿ, "ನಾನೇಳ್ಲಿಲ್ವ ಮಗ? ಪುಗಸಟ್ಟೆ ಯಾರ್ ಕೊಟ್ಟಾರು? ನಡಿ, ಮನೇಲಿ ಹಸ ಕಾಯ್ತಾ ಅವೆ. ದುಡ್ಡು ಕಟ್ಟಿ ಕಲ್ಸಾಕೆ ನಂಗಾಗಕಿಲ್ಲ" ಅಂದ.

ಹುಡುಗಿ ಅಳಲಿಲ್ಲ. "ನಾನು ಆಡಿದ್ದು ಯಾವ್ದು ಅಂತ ನಂಗೆಂಗ್ ಗೊತ್ತಾಯ್ತದೆ ಅಕ್ಕ? ಅವರು ಕೂರ್ಸಿದ ಕಡೆ ಕೂತೆ, ಆಡ್ದೆ, ಗೆದ್ದೆ. ಮಿಷನ್ ಅವರ್ದು, ತಪ್ಪು ನಂದಾ?" ಅಂದಳು.

ಎದುರು ಅಂಗಡಿಯಲ್ಲಿ ಟೈಲರ್ ಸಿದ್ದಣ್ಣ. ಅವನ ಕೈ ಹೊಲಿಗೆ ಮೆಷಿನ್ನಿನ ಮೇಲೆ, ಕಣ್ಣು ಯಾವಾಗಲೂ ನಮ್ಮ ಕಿಟಕಿಯ ಮೇಲೆ. ಅಲ್ಲಿಂದಲೇ ಕೂಗಿದ, "ಏನವ್ವ, ಬಂದ್ಯಾ? ಮಂತ್ರಿ ಕೊಡ್ತೀನಿ ಬಾ ಅಂದ್ರೆ ಕುದ್ರೆ ಸಾಕು ಅಂದೋಳು! ಮದ್ವೇಲೂ ಇಂಗೇ ಮಾಡ್ಬುಟ್ಟೀಯೆ, ಉಸಾರು!"

ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು, "ಸುಮ್ಕಿರಣ್ಣ, ಅದೇ ಕುದ್ರೇಲೆ ಗೆದ್ದಿಲ್ವಾ ನಾನು?" ಅಂದಳು.

ನಾನು ಎಣ್ಣೆಬಟ್ಟೆಯ ಗಂಟನ್ನು ಅಲ್ಲೇ ಮೆಟ್ಟಿಲ ಮೇಲೆ ಇಟ್ಟೆ. ಬೀದಿ ದಾಟಿ ಅಂಗಡಿಗೆ ಹೋದೆ. "ಏನಂದೆ ಸಿದ್ದಣ್ಣ? ಇನ್ನೊಂದ್ ಸಲ ಏಳು."

"ಬೈಬ್ಯಾಡ ಕಣಕ್ಕ, ತಮಾಸೆಗಂದೆ."

"ಬೈಯಕಿಲ್ಲ. ಅವತ್ತು ಆಟದಲ್ಲಿ ಏನಾಯ್ತು ಅದ್ನ ಏಳು."

"ಏನಿಲ್ಲ, ಈ ಅಮ್ಮಿ ಸಿಪಾಯಿ ಕೊನೆ ಮನೆ ಮುಟ್ಟುದ. ಒಂದು ಪೆಟ್ಗೆ ಬಂದು ಏನ್ ಬೇಕು ಅಂತ ಕೇಳ್ತು. ನಾವೆಲ್ಲ ಕಿಟಕಿತಾವ ನಿಂತು ಮಂತ್ರಿ, ಮಂತ್ರಿ ಅಂತ ಬಡ್ಕಂಡೊ. ಇವ್ಳು ಕುದ್ರೆ ತಕಂಡ್ಲು."

"ಪೆಟ್ಗೆ ಎಂಗಿತ್ತು? ಬೊಂಬೆ ಇದ್ವಾ?"

"ಎಲ್ಲಿ ಬೊಂಬೆ? ನೀಲಿ ಪೆಟ್ಗೆ, ಇಂಗ್ಲೀಸಲ್ಲಿ ನಾಕು ಸಾಲು. ಮೇಷ್ಟ್ರೇ ಓದಿ ಏಳುದ್ರಲ್ಲ."

ನಾನು ಅವನಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಪೆಟ್ಟಿಗೆಯಿಂದ ಯಾರಿಗೆ ಏನು ಲಾಭ ಅಂತ ಅವನಿಗೆ ಗೊತ್ತೂ ಇರಲಿಲ್ಲ. ಒಂದನೇ ವರ್ಶನ್ನಿಗೆ ಕೇಳುವ ಅಭ್ಯಾಸವೇ ಇಲ್ಲ. ಅದರಲ್ಲಿ ಆಡಿದ್ದರೆ ಹುಡುಗಿ ಬೇಡ ಬೇಡ ಅಂದರೂ ಮಂತ್ರಿಯೇ ಸಿಗುತ್ತಿತ್ತು. ನಾಗೇಶ ಮೇಷ್ಟ್ರನ್ನು ರಟ್ಟೆ ಹಿಡಿಯುವುದೊಂದು ಬಾಕಿ, ಕರೆತಂದು ಕೇಳಿದೆ. "ಹೌದಲ್ವಾ! ನಾನೇ ಓದಿ ಹೇಳಿದೆ" ಅಂದರು. ಇದು ನೆನಪಿದೆ, ಹಾಕಿದ್ದು ನೆನಪಿಲ್ಲ!

ಶ್ರೀರಂಗಪಟ್ಟಣಕ್ಕೆ ಫೋನು ಮಾಡಿದೆ. ಮಿಷನ್ನು ನೋಡಲು ಸಾಹೇಬರೇ ಬರಬೇಕು ಅಂದೆ. "ಜವರಮ್ಮ, ನೀನು..." ಅಂತ ಶುರು ಮಾಡಿದರು. "ಧೂಳು ಆಮೇಲೆ ಒರಿಸ್ತೀನಿ ಸಾರ್, ಮೊದ್ಲು ನೀವು ಬನ್ನಿ" ಅಂದು ಫೋನು ಇಟ್ಟೆ. ಆ ಕೆಲಸ ಹೋಗಿದ್ದರೆ ನನ್ನ ಮನೆಯ ಒಲೆಯೂ ಆರುತ್ತಿತ್ತು.

ಶನಿವಾರ ಸಾಹೇಬರು ಬಂದರು. ಮಂಜುಳ, ಅವಳ ಅಪ್ಪ, ಮೇಷ್ಟ್ರು, ಅಳತೆ ಟೇಪು ಕೊರಳಲ್ಲೇ ಇದ್ದ ಸಿದ್ದಣ್ಣ, ಎಲ್ಲರೂ ಸೇರಿದ್ದರು. ಅಕ್ಕಪಕ್ಕದ ಎರಡು ಮಿಷನ್ನಿನಲ್ಲಿ ಒಂದಕ್ಕೆ ಒಂದನೇ ವರ್ಶನ್ನು, ಇನ್ನೊಂದಕ್ಕೆ ಎರಡನೆಯದು ಹಾಕಿಸಿದೆ. ಮೊದಲನೇ ಮಿಷನ್ನಿನಲ್ಲಿ ಐದು ನಡೆ ಆಡಿದೆ. ಸಿಪಾಯಿ ಕೇಳದೆಯೇ ಮಂತ್ರಿಯಾದ. ಎರಡನೆಯದರಲ್ಲಿ ಆಡಿದೆ. ನೀಲಿ ಪೆಟ್ಟಿಗೆ ಬಂತು. "ಅದೇಯ, ಅದೇ ಪೆಟ್ಗೆ!" ಅಂತ ಸಿದ್ದಣ್ಣ ಸಾಹೇಬರ ಭುಜದ ಮೇಲಿಂದ ಬೆರಳು ತೋರಿಸಿದ.

ಸಾಹೇಬರು ಬಗ್ಗಿ ಪೆಟ್ಟಿಗೆಯ ನಾಲ್ಕೂ ಸಾಲು ಓದಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಎಲ್ಲ ಸರಿ. ಕೈಗೆ ಬಂದ ಮಂತ್ರಿ ಬಿಟ್ಟು ಕುದುರೆ ಯಾಕೆ ತಗೊಂಡೆ? ಯಾರಾದರೂ ಹಾಗೆ ಮಾಡುತ್ತಾರಾ?" ಅಂದರು. ನಂಬಿಕೆ ಇನ್ನೂ ಪೂರ್ತಿ ಬಂದಿರಲಿಲ್ಲ.

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕುದ್ರೆ ಮನೆಗೆ ಓದ ಸಿಪಾಯಿ ಕುದ್ರೆ ತಾನೆ ಸಾ ಆಗಾದು? ಆನೆ ಮನೆಗೋದ್ರೆ ಆನೆ. ನಮ್ ತಾತ ಇಂಗೇ ಏಳ್ಕೊಟ್ಟಿರೋದು. ಮಂತ್ರಿ ತಕಂಡ್ರೆ ಮೋಸ ಆಗಕಿಲ್ವಾ?"

ನಮ್ಮಪ್ಪನ ಜಗುಲಿಯ ಕಾನೂನೂ ಅದೇ. ಸಿದ್ದಣ್ಣ, "ಅಯ್ಯೋ ನನ್ ತಾಯಿ, ಅದುಕ್ಕಾ!" ಅಂತ ಟೇಪು ಎಳೆದುಕೊಂಡು ಹಣೆ ಒರೆಸಿಕೊಂಡ. ಇನ್ನು ಮುಂದೆ ಅವಳನ್ನು ರೇಗಿಸುವ ಹಾಗಿಲ್ಲ ಅಂತ ಅವನಿಗೆ ಅರ್ಥವಾಗಿತ್ತು. ಗಟ್ಟಿ ವರ್ಶನ್ನಿನ ಎದುರು, ಬೇಕಿಲ್ಲದ ಕಟ್ಟುಪಾಡನ್ನು ತಾನೇ ಹೊತ್ತುಕೊಂಡು, ಒಂದು ಕುದುರೆಯಲ್ಲಿ ಗೆದ್ದಿದ್ದಳು ಹುಡುಗಿ.

ಚಂದನಾ, ನೀನು ಹೇಳಿದ್ದೀಯ, ಈಗ ಪರದೆಯ ಮೂಲೆಯಲ್ಲಿ ಒತ್ತಿದರೆ ಪ್ರೋಗ್ರಾಮೇ ತನ್ನ ನಂಬರು ಹೇಳುತ್ತದೆ ಅಂತ. ಹೇಳಲಿ, ಸಂತೋಷ. ಆದರೆ ಹಾಕಿದವರು ಹೇಳುವುದೂ, ಒಳಗಿರುವುದೂ ಒಂದೇ ಅಂತ ನಂಬಬೇಡ. ನೀನೇ ಕೂತು ನೋಡು. ಯಾಕೆಂದರೆ ಮಿಷನ್ನಿನ ಆಚೆ ಕಡೆ ಯಾವಾಗಲೂ ಒಬ್ಬರು ಫಾರಂ ಹಿಡಿದು ನಿಂತಿರುತ್ತಾರೆ.

ಸಾಹೇಬರು ಫಾರಂ ತರಿಸಿದರು. ಮಂಜುಳಳ ಅಪ್ಪ ಸಹಿ ಹಾಕಿದ. ಶುಲ್ಕ ವಿನಾಯಿತಿಗೆ ಕಾರಣ ಅಂತ ಒಂದು ಕಾಲಂ ಇತ್ತು. ನಾಗೇಶ ಮೇಷ್ಟ್ರು ಪೆನ್ನು ಹಿಡಿದು ಸಾಹೇಬರ ಮುಖ ನೋಡಿದರು. "ಏನು ನೋಡ್ತೀರಿ? ಕಂಪ್ಯೂಟರನ್ನು ಚೆಸ್ಸಿನಲ್ಲಿ ಸೋಲಿಸಿದ್ದಾಳೆ ಅಂತ ಬರೀರಿ" ಅಂದರು ಸಾಹೇಬರು. ಮೇಷ್ಟ್ರು ಬರೆದು ಫಾರಂ ಮಡಚಲು ಹೋದರು.

ಹುಡುಗಿ ಅದರ ಮೇಲೆ ಕೈಯಿಟ್ಟು ತಡೆದಳು. "ಎರಡ್ನೇ ವರ್ಶನ್ನು ಅಂತಾನೂ ಬರೀರಿ ಸಾ. ನಾಳೆ ಯಾರಾರಾ ಕೇಳುದ್ರೆ?"

ಬರೆದರು. ನಾಲ್ಕು ಊರಲ್ಲಿ ಅಷ್ಟು ವರ್ಷ ನಾನು ಬಾಯಿ ಬಡಿದುಕೊಂಡಿದ್ದ ಆ ನಂಬರನ್ನು ಒಬ್ಬರು ಕೇಳಿ ಕಾಗದದ ಮೇಲೆ ಬರೆಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.